ಒಂದೂವರೆ ದಿನದ ಭಕ್ತರಿಗೆ, ರಥಬೀದಿಯ ಜಗಲಿಯಿಂದ

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿ, ಭಾನುವಾರ ಸಂಜೆ ಗೋಕರ್ಣದಲ್ಲಿ ಬಸ್ಸು ಹತ್ತುವ ಸಮಸ್ತ ಭಕ್ತಾದಿಗಳಿಗೆ,

ರಥಬೀದಿಯ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತ ಮುದುಕನ ನಮಸ್ಕಾರಗಳು. ಉಭಯಕುಶಲೋಪರಿ. ನಾವಿಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಕ್ಷೇಮ. ಮಿಕ್ಕ ಎರಡು ದಿನದ ವಿಷಯಕ್ಕೇ ಈ ಪತ್ರ.

ನನ್ನ ಗುರುತು ನಿಮಗೆ ಇರಲಿಕ್ಕಿಲ್ಲ, ನನ್ನ ಜಗಲಿಯ ಗುರುತು ಇದ್ದೇ ಇದೆ. ದೇವಸ್ಥಾನಕ್ಕೆ ಹೋಗುವಾಗ ನೀವು ಚಪ್ಪಲಿ ಬಿಟ್ಟದ್ದು ಅದರ ಬುಡದಲ್ಲಿ, ಬ್ಯಾಗು ಇಟ್ಟದ್ದು ಅದರ ಮೇಲೆ, ಕಂಬಕ್ಕೊರಗಿ ಇಪ್ಪತ್ತೇಳು ಫೋಟೊ ತೆಗೆಸಿಕೊಂಡದ್ದೂ ಅಲ್ಲೇ. ಆ ಫೋಟೊಗಳ ಅಂಚಿನಲ್ಲಿ ಯಾರದೋ ಅರ್ಧ ಕಿವಿ ಬಂದಿದೆಯಲ್ಲ, ಅದು ನಾನು. ಕಿವಿಯ ಹೆಸರಿನ ಊರಲ್ಲಿ ಅಷ್ಟಾದರೂ ಬಂತಲ್ಲ ಎಂದು ಸಮಾಧಾನ.

ಹೋದ ಶನಿವಾರ ಬೆಳಿಗ್ಗೆ ಬಸ್ಸಿಳಿದು ನೇರ ಬಂದ ಹುಡುಗನೊಬ್ಬ ಮೊಬೈಲಿನ ಪಟ್ಟಿ ನೋಡುತ್ತ ಕೇಳಿದ: “ಅಂಕಲ್, ಆತ್ಮಲಿಂಗಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?”

“ರಾವಣನಿಗೆ ಇನ್ನೂ ಮುಗಿದಿಲ್ಲ ಮಾರಾಯಾ” ಅಂದೆ.

“ಥ್ಯಾಂಕ್ಸ್ ಅಂಕಲ್” ಎಂದವನೇ ಪಟ್ಟಿಯಲ್ಲಿ ‘ಅರ್ಧ ಗಂಟೆ’ ಎಂದು ಹಾಕಿಕೊಂಡು ಹೋದ.

ನಾನು ತಮಾಷೆಗೆ ಅಂದದ್ದಲ್ಲ. ಈ ಊರಿಗೆ ಅವಸರದಲ್ಲಿ ಬಂದವರ ಪೈಕಿ ಮೊದಲಿಗ ರಾವಣನೇ. ಅವನಿಗೂ ಇಲ್ಲಿ ಉಳಿಯುವ ಮನಸ್ಸಿರಲಿಲ್ಲ. ಕೈಲಾಸದಿಂದ ಲಂಕೆಗೆ ಹೊರಟವ; ಕೈಯಲ್ಲಿ ಶಿವ ಕೊಟ್ಟ ಆತ್ಮಲಿಂಗ; ದಾರಿಯಲ್ಲಿ ಎಲ್ಲೂ ನೆಲಕ್ಕಿಡಬಾರದು ಎಂಬುದೊಂದೇ ಷರತ್ತು. ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಇಳಿದ. ಅಲ್ಲೇ ದನ ಕಾಯುತ್ತಿದ್ದ ಹುಡುಗನ ಕೈಗೆ ಲಗೇಜು ಕೊಟ್ಟು, ಈಗ ಬಂದೆ ಎಂದು ಹೋದ. ಹುಡುಗ ಮೂರು ಸಲ ಕರೆದ. ಬರಲಿಲ್ಲ. ನೆಲಕ್ಕಿಟ್ಟುಬಿಟ್ಟ. ಆಮೇಲೆ ರಾವಣ ಇಪ್ಪತ್ತು ಕೈ ಹಾಕಿ ಎಳೆದ, ತಿರುಚಿದ. ಲಿಂಗ ದನದ ಕಿವಿಯ ಹಾಗೆ ಸೊಟ್ಟಗಾಯಿತೇ ಹೊರತು ಮೇಲೇಳಲಿಲ್ಲ. ಸೋತವನು ಅದಕ್ಕೆ ಮಹಾಬಲನೆಂದು ಹೆಸರಿಟ್ಟ. ಸಿಟ್ಟು ತಡೆಯದೆ ಹುಡುಗನ ನೆತ್ತಿಗೊಂದು ಗುದ್ದಿದ. ಆ ಹುಡುಗನೇ ನಮ್ಮ ಮಹಾಗಣಪತಿ. ಎರಡೇ ಕೈ, ನಿಂತ ಭಂಗಿ, ತಲೆಯ ಮೇಲೆ ಆ ಗುದ್ದಿನ ತಗ್ಗು. ಪ್ರವಾಸಿಗರ ಸಾಮಾನು ನೋಡಿಕೊಂಡದ್ದಕ್ಕೆ ಈ ಊರಿನವರಿಗೆ ಸಿಕ್ಕ ಮೊದಲ ಟಿಪ್ಸು ಅದು.

ಇರಲಿ. ಮನೆ ಬಾಗಿಲಿಗೆ ಬಂದವರಿಗೆ ಆಸರಿಗೆ ಎಂತ ಬೇಕೆಂದು ಕೇಳುವುದು, ದಾರಿ ಹೇಳುವುದು ನಮ್ಮ ಪದ್ಧತಿ. ನಿಮ್ಮ ಪಟ್ಟಿಯನ್ನೇ ಹಿಡಿದು ಅಲ್ಲಲ್ಲಿ ತಿದ್ದಿ ಕೊಡುತ್ತೇನೆ.

ರೈಲಿನಲ್ಲಿ ಬರುವವರಿಗೆ ಮೊದಲ ಮಾತು. ‘ಗೋಕರ್ಣ ರೋಡ್’ ನಿಲ್ದಾಣದಲ್ಲಿ ಇಳಿದು ಸಮುದ್ರ ಎಲ್ಲಿ ಎಂದು ಕೇಳಬೇಡಿ. ಅಲ್ಲಿರುವುದು ಹೆಸರಿಗೆ ತಕ್ಕಂತೆ ರೋಡು. ಗೋಕರ್ಣ ಅಲ್ಲಿಂದ ಸುಮಾರು 10 ಕಿ.ಮೀ. ದೂರ. ಬರುವಾಗ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಎಲ್ಲಿ ಎಂದು ಆಟೋದವನನ್ನು ಕೇಳಿ, ಆಗುವುದಾದರೆ ಅತ್ತ ತಿರುಗಿಸಿ. ಸಮುದ್ರದ ನೀರು ಕಟ್ಟೆಯೊಳಗೆ ಬಿಸಿಲು ಕಾಯುತ್ತ ಉಪ್ಪಾಗುವುದನ್ನು ನೋಡಿದರೆ, ಅವಸರ ಮಾಡದೆಯೂ ಒಂದು ವಸ್ತು ತಯಾರಾಗುತ್ತದೆ ಎಂಬ ಸಂಗತಿ ಮನಸ್ಸಿಗೆ ಬರಬಹುದು. ಪಟ್ಟಿಯಲ್ಲಿ ಅದಿಲ್ಲ, ಗೊತ್ತು. ಉಪ್ಪಿನ ರಾಶಿಯ ಮುಂದೆ ಸೆಲ್ಫಿ ಚೆನ್ನಾಗಿ ಬರುತ್ತದೆ ಎಂದರೆ ಸೇರಿಸಿಕೊಳ್ಳುತ್ತೀರೋ ಏನೋ.

ಬೆಳಿಗ್ಗೆ ಸಮುದ್ರಸ್ನಾನ. ಆಮೇಲೆ ಕೋಟಿತೀರ್ಥ. ಅದನ್ನು ನಿಮ್ಮಲ್ಲೊಬ್ಬರು “ಸ್ವಿಮ್ಮಿಂಗ್ ಪೂಲಾ?” ಎಂದು ಕೇಳಿದ್ದು ನಾನು ಮನ್ನಿಸಿದ್ದೇನೆ, ಕೆರೆಯ ಸುತ್ತಲಿನ ಗುಡಿಗಳ ದೇವರುಗಳು ಇನ್ನೂ ಯೋಚನೆ ಮಾಡುತ್ತಿರಬೇಕು. ಸ್ನಾನದ ಹೊತ್ತಿಗೆ ಒದ್ದೆ ಪಂಚೆಯಲ್ಲಿ ಕೂತು, ಮುಂದೆ ದರ್ಭೆ, ಎಳ್ಳು, ಅನ್ನದುಂಡೆ ಇಟ್ಟುಕೊಂಡವರು ಕಾಣುತ್ತಾರೆ. ಹಿಂದೆ ನಿಂತ ಹೆಂಗಸರು ಮಾತಾಡುವುದಿಲ್ಲ. ಕಾಗೆಗೆ ಕಾಯುತ್ತಿರುತ್ತಾರೆ. ಹೋದ ವಾರ ನಿಮ್ಮವರೊಬ್ಬರು ಮಂಡಿಯೂರಿ, ಬೆಳಕು ಸರಿಯಾಗಿ ಬೀಳಲೆಂದು ಅವರನ್ನು ಸ್ವಲ್ಪ ಎಡಕ್ಕೆ ತಿರುಗಲು ಹೇಳಿ ಫೋಟೊ ತೆಗೆದರು. ಕೆಳಗೆ ‘ಗೋಕರ್ಣ ವೈಬ್ಸ್’ ಎಂದು ಬರೆದರಂತೆ. ಅದು ಒಬ್ಬರ ಅಪ್ಪನ ತಿಥಿ. ಅವರು ಎಡಕ್ಕೆ ತಿರುಗಿದರು ಎಂಬುದೇ ನನಗೆ ಹೆಚ್ಚು ಸಂಕಟ.

ದರ್ಶನದಲ್ಲಿ ಗಣಪತಿ ಮೊದಲು, ಮಹಾಬಲೇಶ್ವರ ಆಮೇಲೆ. ಇದು ಶಿವನೇ ಮಗನಿಗೆ ಕೊಟ್ಟ ವರ. ಅಲ್ಲಿ ಸಾಲು ಉದ್ದ, ಇಲ್ಲಿ ಗಿಡ್ಡ ಎಂಬ ಲೆಕ್ಕಕ್ಕೆ ಬದಲಾಗುವುದಿಲ್ಲ. ಗಂಡಸರು ಅಂಗಿ ಕಳಚಬೇಕು, ಪಂಚೆ ಉಡಬೇಕು. ಬರ್ಮುಡಾದ ಮೇಲೆಯೇ ಪಂಚೆ ಸುತ್ತಿಕೊಂಡು, ಗಂಟು ಎಡಕ್ಕೋ ಬಲಕ್ಕೋ ಎಂದು ಯೂಟ್ಯೂಬಿನಲ್ಲಿ ಹುಡುಕುತ್ತ ನಿಲ್ಲುವವರನ್ನು ನೋಡುವುದು ನನ್ನ ಶನಿವಾರಗಳ ಏಕೈಕ ಮನರಂಜನೆ. ಗಂಟು ಯಾವ ಕಡೆ ಹಾಕಿದರೂ ದೇವರು ಬೇಡವೆನ್ನುವುದಿಲ್ಲ, ಗಟ್ಟಿಯಾಗಿ ಹಾಕಿ. ಮಧ್ಯಾಹ್ನ ಬಾಗಿಲು ಹಾಕುತ್ತದೆ, ಸಂಜೆ ಮತ್ತೆ ತೆಗೆಯುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು “ಆನ್‌ಲೈನಿನಲ್ಲಿ ಓಪನ್ ಅಂತ ತೋರಿಸ್ತಿದೆ” ಎಂದು ಭಟ್ಟರ ಹತ್ತಿರ ವಾದಿಸಿ ಫಲವಿಲ್ಲ.

ಗರ್ಭಗುಡಿಯಲ್ಲಿ ನಿಮಗೆ ಒಂದು ನಿರಾಶೆ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಕಾಣುವುದು ಪೀಠ. ಅದರ ನಡುವಿನ ಪುಟ್ಟ ರಂಧ್ರದೊಳಗೆ ಲಿಂಗದ ತುದಿಯಷ್ಟೇ ಇರುವುದು. ಕಣ್ಣಿಗಿಂತ ಬೆರಳಿಗೆ ಹೆಚ್ಚು ಸಿಗುವ ದೇವರು ನಮ್ಮವ. ಅಷ್ಟಬಂಧದ ಹೊತ್ತಿಗೆ, ನಾಲ್ವತ್ತು ವರ್ಷಕ್ಕೊಮ್ಮೆ ಎಂಬುದು ವಾಡಿಕೆ, ಹೆಚ್ಚು ಕಾಣಿಸುತ್ತಾನೆ. “ಇಷ್ಟೇನಾ?” ಎಂದು ಹೊರಬಂದು ಕೇಳಿದವರಿಗೆಲ್ಲ ನಾನು ಹೌದು ಎಂದೇ ಹೇಳುತ್ತ ಬಂದಿದ್ದೇನೆ. ಅರ್ಧ ಗಂಟೆಗೆ ಅಷ್ಟೇ.

ಬೀದಿಯಲ್ಲಿ ತಲೆ ತುಂಬ ಹೂ ಮುಡಿದು, ಕೊರಳ ತುಂಬ ಮಣಿಸರ ಹಾಕಿ, ಬುಟ್ಟಿ ಮುಂದಿಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರನ್ನು ನೋಡಿದಿರಲ್ಲ. ನೋಡಿದಿರಿ, ಫೋಟೊ ತೆಗೆದಿರಿ, “ಎಷ್ಟು ಅಥೆಂಟಿಕ್!” ಅಂದಿರಿ. ಆ ಬುಟ್ಟಿಯಲ್ಲಿ ಬಸಳೆ, ಹರಿವೆ, ಬದನೆ ಇದ್ದವು. ಒಂದು ಕಟ್ಟು ಹರಿವೆ ತಗೊಂಡರೆ ಬಸ್ಸಿನಲ್ಲಿ ಬಾಡುತ್ತದೆ, ನಿಜ. ಹಾಗಾದರೆ ಒಂದು ಮೊಳ ಹೂವಾದರೂ ತಗೊಳ್ಳಿ. ಮಣಿಸರದ ಚೆಂದ ನೋಡಿದ್ದಕ್ಕೆ ಅವರು ಇನ್ನೂ ಟಿಕೆಟ್ ಇಟ್ಟಿಲ್ಲ.

ಮಧ್ಯಾಹ್ನದ ಮೇಲೆ ಬೀಚುಗಳು. ನಾವು ಚಿಕ್ಕವರಿದ್ದಾಗ ಗುಡ್ಡದ ಆಚೆಯ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಯಾವುದೂ ಬೀಚುಗಳಾಗಿರಲಿಲ್ಲ. ಬಲೆ ಬೀಸುವವರ, ದನ ತಪ್ಪಿಸಿಕೊಂಡವರ ಜಾಗಗಳು. ವಿದೇಶಿಯರು ಬಂದರು, ಗುಡಿಸಲಲ್ಲಿ ತಿಂಗಳುಗಟ್ಟಲೆ ಕೂತರು, ಏನೂ ಮಾಡಲಿಲ್ಲ. ಅವರನ್ನು ಕಂಡು ನಾವು ನಗುತ್ತಿದ್ದೆವು. ಈಗ ನಿಮ್ಮನ್ನು ನೋಡಿದ ಮೇಲೆ, ಏನೂ ಮಾಡದೆ ಕೂರುವುದಕ್ಕೂ ಒಂದು ತಪಸ್ಸು ಬೇಕು ಎಂದು ತಿಳಿಯಿತು. ಓಂ ಬೀಚಿನ ಓಂಕಾರ ಕಾಣಬೇಕಾದರೆ ಎತ್ತರಕ್ಕೆ ಹೋಗಬೇಕು. ಮರಳಲ್ಲಿ ನಿಂತು “ಓಂ ಎಲ್ಲಿ?” ಎಂದು ಕೇಳುವವನು ಅದರ ಒಳಗೇ ನಿಂತಿರುತ್ತಾನೆ. ಇದರಲ್ಲಿ ವೇದಾಂತ ಇದೆ. ನಿಮಗೆ ಹೊತ್ತಿಲ್ಲವೆಂದು ಬಿಡಿಸಿ ಹೇಳುತ್ತಿಲ್ಲ. ಆದರೆ ಪಾಚಿಗಟ್ಟಿದ ಬಂಡೆಯ ತುದಿಗೆ ಹೋಗಿ, ತೆರೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ ಎಂಬುದನ್ನು ಮಾತ್ರ ಬಿಡಿಸಿಯೇ ಹೇಳುತ್ತೇನೆ. ಈ ಸಮುದ್ರಕ್ಕೆ ವಾರಾಂತ್ಯ ಗೊತ್ತಿಲ್ಲ. ಹೆಣ ಹುಡುಕಲು ದೋಣಿ ಇಳಿಸುವುದು ನಮ್ಮ ಊರಿನ ಹುಡುಗರೇ. ಪತ್ರದ ಈ ಸಾಲಿನಲ್ಲಿ ವಿಡಂಬನೆ ಇಲ್ಲ.

ಭಾನುವಾರಕ್ಕೆ ನೀವು ‘ಕವರ್’ ಮಾಡಬೇಕಾದ ಸ್ಥಳಗಳ ಪಟ್ಟಿ ನೋಡಿ ನನಗೆ ತಲೆ ತಿರುಗಿತು. ಮಿರ್ಜಾನ ಕೋಟೆಗೆ ಇಪ್ಪತ್ತು ನಿಮಿಷ. ಆ ಕೋಟೆಯ ಒಡತಿ, ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ 54 ವರ್ಷ ಆಳಿದಳು. ನೀವು ವರ್ಷಕ್ಕೆ ಅರ್ಧ ನಿಮಿಷವನ್ನೂ ಕೊಟ್ಟಿಲ್ಲ. ಆಮೇಲೆ ಯಾಣ. ಸೊಕ್ಕಿದ್ದವನು ಯಾಣಕ್ಕೆ, ರೊಕ್ಕ ಇದ್ದವನು ಗೋಕರ್ಣಕ್ಕೆ ಎಂದು ನಮ್ಮ ಕಡೆ ಗಾದೆ. ಆ ಕಾಡಿನಲ್ಲಿ ನಡೆದು 120 ಮೀಟರಿನ ಭೈರವೇಶ್ವರ ಶಿಖರದ ಬುಡ ಮುಟ್ಟಲು ಮೈಯಲ್ಲಿ ಸೊಕ್ಕು ಬೇಕಿತ್ತು. ಗೋಕರ್ಣದಲ್ಲಿ ಕರ್ಮಾಂತರ ಮಾಡಿಸಲು ಕೈಯಲ್ಲಿ ರೊಕ್ಕ ಬೇಕಿತ್ತು. ಈಗ ಯಾಣಕ್ಕೂ ರಸ್ತೆಯಾಗಿದೆ. ಎರಡೂ ಇರುವವರು ಒಂದೇ ದಿನದಲ್ಲಿ ಎರಡೂ ಕಡೆ ಹೋಗಿ ಬರುತ್ತಾರೆ, ಗಾದೆ ಪಾಪ ದಾರಿಯಲ್ಲಿ ನಿಂತಿದೆ.

ಪಂಚಕ್ಷೇತ್ರದ ಪ್ಯಾಕೇಜೂ ಇದೆಯಲ್ಲ ನಿಮ್ಮದು! ಅದರ ಹಿಂದಿನ ಕತೆ ಕೇಳಿ. ಲಿಂಗ ಏಳದಿದ್ದಾಗ ರಾವಣ ಸಿಟ್ಟಿನಿಂದ ಅದು ಬಂದ ಕಟ್ಟನ್ನೇ ಬಿಚ್ಚಿ ಎಸೆದ. ಪೆಟ್ಟಿಗೆ ಹೋಗಿ ಬಿದ್ದದ್ದು ಸಜ್ಜೇಶ್ವರ, ಮುಚ್ಚಳ ಗುಣವಂತೇಶ್ವರ, ದಾರ ಧಾರೇಶ್ವರ, ಬಟ್ಟೆ ಬಿದ್ದಲ್ಲಿ ಮುರುಡೇಶ್ವರ. ಅಲ್ಲೀಗ 123 ಅಡಿಯ ಶಿವ ಕೂತಿದ್ದಾನೆ. ಅಂದರೆ ಪ್ಯಾಕಿಂಗ್ ಸಾಮಾನು ಬಿಸಾಡುವ ಸಂಪ್ರದಾಯವೂ ನಿಮ್ಮಿಂದ ಶುರುವಾದದ್ದಲ್ಲ. ವ್ಯತ್ಯಾಸ ಇಷ್ಟೇ: ರಾವಣ ಎಸೆದದ್ದು ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರವಾಯಿತು. ನೀವು ಎಸೆದ ಚಿಪ್ಸಿನ ಪೊಟ್ಟಣ ಎರಡು ಮಳೆಗಾಲ ಕಳೆದರೂ ಚಿಪ್ಸಿನ ಪೊಟ್ಟಣವಾಗಿಯೇ ಇದೆ. ರಥಬೀದಿಯ ದನ ಬಂದು ಮೂಸುತ್ತದೆ, ಒಮ್ಮೊಮ್ಮೆ ತಿನ್ನುತ್ತದೆ. ತೆಂಕಣ ದಿಕ್ಕಿಗೆ ಅಘನಾಶಿನಿ ಹರಿಯುತ್ತಾಳೆ, ಹೆಸರೇ ಹೇಳುವಂತೆ ಪಾಪ ಕಳೆಯುವವಳು. ಪ್ಲಾಸ್ಟಿಕ್ಕಿನ ಬಗ್ಗೆ ಅವಳು ಯಾರಿಗೂ ಮಾತು ಕೊಟ್ಟಿಲ್ಲ.

ಗೋಕರ್ಣದ ದಾರಿಯಲ್ಲಿ ಕೈತಪ್ಪಿ ಬಿದ್ದ ವಸ್ತುವಿಗೆ ಕಾಳಿದಾಸನೂ ಸಾಕ್ಷಿ. ‘ರಘುವಂಶ’ದಲ್ಲಿ ನಾರದರು ಆಕಾಶಮಾರ್ಗವಾಗಿ ಗೋಕರ್ಣದ ಈಶ್ವರನ ಸೇವೆಗೆ ಹೊರಟಿರುತ್ತಾರೆ. ವೀಣೆಯ ತುದಿಯ ಹೂಮಾಲೆ ಗಾಳಿಗೆ ಜಾರಿ, ಕೆಳಗೆ ಉದ್ಯಾನದಲ್ಲಿದ್ದ ಇಂದುಮತಿಯ ಎದೆಯ ಮೇಲೆ ಬೀಳುತ್ತದೆ. ಅವಳ ಪ್ರಾಣ ಹೋಗುತ್ತದೆ. ಅವಳ ಗಂಡ ಅಜ ಮಹಾರಾಜ ಅತ್ತದ್ದು ಸಂಸ್ಕೃತ ಓದಿದವರಿಗೆಲ್ಲ ಗೊತ್ತು. ಹೂವು ಬಿದ್ದದ್ದಕ್ಕೆ ಅಷ್ಟಾಗಿದೆ. ನೀವು ಕಾರಿನ ಕಿಟಕಿಯಿಂದ ಬಿಟ್ಟದ್ದು ಬಿಯರ್ ಬಾಟಲಿ.

ಇಷ್ಟೆಲ್ಲ ಬರೆದ ಮೇಲೆ ನನ್ನದೂ ಒಂದು ತಪ್ಪೊಪ್ಪಿಗೆ. ನನ್ನ ಮನೆಯ ಮಹಡಿಯಲ್ಲಿ ಎರಡು ಕೋಣೆಗಳಿವೆ. ಮಂಗಳವಾರ ಅವು ಕೋಣೆಗಳು, ಶನಿವಾರ ‘ಹೋಂ ಸ್ಟೇ’; ಬಾಡಿಗೆ ಎರಡು ಪಟ್ಟು. ಹೊರಗಿನ ಬೋರ್ಡಿನಲ್ಲಿ ‘ಸೀ ವ್ಯೂ’ ಎಂದಿದೆ. ನೀರಿನ ಟ್ಯಾಂಕಿನ ಮೇಲೆ ಹತ್ತಿ, ಬಲಕ್ಕೆ ಬಗ್ಗಿದರೆ ಸಮುದ್ರ ಕಾಣುವುದು ಸುಳ್ಳಲ್ಲ. ಜಗಲಿಯಲ್ಲಿ ‘ಇಲ್ಲಿ ಕೂರಬಾರದು’ ಎಂಬ ಬೋರ್ಡು ಬರೆಸಿದವನೂ ನಾನೇ, ಅದರ ಪಕ್ಕದಲ್ಲಿ ತಣ್ಣನೆ ನೀರಿನ ಬಾಟಲಿ ಮಾರುವವನು ನನ್ನ ಮೊಮ್ಮಗ. ನೀವು ಬಿಸಾಡಿದ ಬಾಟಲಿಯ ಲಾಭ ನಮ್ಮ ಗಲ್ಲೆಯಲ್ಲಿದೆ. ದನ ಕಾಯುವ ಹುಡುಗನ ವೇಷದಲ್ಲಿ ದಾರಿಗೆ ಅಡ್ಡ ನಿಲ್ಲುವ ಕಲೆಯನ್ನು ನಾವೂ ಮರೆತಿಲ್ಲ. ಗಣಪತಿಗೆ ಲೋಕಕಲ್ಯಾಣದ ಉದ್ದೇಶವಿತ್ತು ಎಂಬುದನ್ನಷ್ಟೇ ಮರೆತಿದ್ದೇವೆ.

ಆದ್ದರಿಂದ ಉಪದೇಶ ಬೇಡ, ಎರಡು ಕೋರಿಕೆ.

ಒಂದನೆಯದು ರಾವಣನಿಂದ ಕಲಿಯಬೇಕಾದ್ದು. ಆಸಾಮಿ ಎಷ್ಟೇ ಅವಸರದಲ್ಲಿರಲಿ, ಕೈಯಲ್ಲಿ ಎಂಥ ನಿಧಿಯೇ ಇರಲಿ, ಸಂಜೆಯಾಯಿತೆಂದು ಕಂಡಕೂಡಲೇ ನಿಂತ. ಕೈ ಖಾಲಿ ಮಾಡಿಕೊಂಡು ನೀರಿಗಿಳಿದ. ಅವನು ಇಲ್ಲಿ ಮಾಡಿದ ಒಂದೇ ಸರಿಯಾದ ಕೆಲಸ ಅದು. ನೀವೂ ಶನಿವಾರ ಸಂಜೆ ಒಂದು ಗಳಿಗೆ ಕೈ ಖಾಲಿ ಇಟ್ಟುಕೊಂಡು ಕಡಲ ಮುಂದೆ ಕೂತು ನೋಡಿ. ಮೊಬೈಲನ್ನು ದನ ಕಾಯುವ ಹುಡುಗನ ಕೈಗೆ ಮಾತ್ರ ಕೊಡಬೇಡಿ.

ಎರಡನೆಯದು ರಾವಣನಿಂದ ಆಗದೇ ಹೋದದ್ದು. ನೆಲಕ್ಕೆ ಇಟ್ಟದ್ದನ್ನು ಎತ್ತಿಕೊಂಡು ಹೋಗಿ. ಅವನಿಗೆ ಇಪ್ಪತ್ತು ಕೈಯಿತ್ತು, ಎದುರಿಗಿದ್ದವನು ಶಿವ. ಸೋತರೂ ಮರ್ಯಾದೆ ಉಳಿಯಿತು. ನಿಮಗೆ ಎರಡೇ ಕೈ, ಎದುರಿಗಿರುವುದು ಒಂದು ಲೀಟರಿನ ಖಾಲಿ ಬಾಟಲಿ. ಅದನ್ನೂ ಎತ್ತಲಾಗದಿದ್ದರೆ ಸಂಪ್ರದಾಯದ ಪ್ರಕಾರ ನಾವು ಅದಕ್ಕೂ ಮಹಾಬಲ ಎಂದೇ ಹೆಸರಿಡಬೇಕಾಗುತ್ತದೆ. ಊರಿನಲ್ಲಿ ಇನ್ನೊಂದು ಗುಡಿಗೆ ಜಾಗವಿಲ್ಲ, ಮಾರಾಯ್ರೆ.

ಇಂತಿ ನಿಮ್ಮ ಫೋಟೊದಂಚಿನ ಅರ್ಧ ಕಿವಿ,
ರಥಬೀದಿ, ಗೋಕರ್ಣ

ವಿ.ಸೂ.: ಹೋದ ಶನಿವಾರ ನನ್ನ ಮೊಮ್ಮಗನ ಕೈಗೆ ಒಂದು ನೀಲಿ ಬ್ಯಾಗು ಕೊಟ್ಟು ‘ಐದು ನಿಮಿಷ, ಬಂದೆ’ ಎಂದು ಓಂ ಬೀಚಿಗೆ ಹೋದವರ ಗಮನಕ್ಕೆ. ಹುಡುಗ ಮೂರು ಸಲ ಕರೆದನಂತೆ.