ಯಜಮಾನರ ಪ್ರಚಾರ ಖಾತೆ

ಮೈಸೂರಿನ ನಮ್ಮ ಬಡಾವಣೆಗೆ ಹೊಸದಾಗಿ ಬಂದವರಿಗೆ ಹಾಲಿನವನು, ಪೇಪರಿನವನು ಗೊತ್ತಾಗುವ ಮೊದಲೇ ಕಾಂಡಿಮೆಂಟ್ಸ್ ಯಜಮಾನರು ಗೊತ್ತಾಗುತ್ತಾರೆ. ಲಾರಿಯಿಂದ ಇನ್ನೂ ಬೀರು ಇಳಿಯುತ್ತಿರುವಾಗಲೇ ಅವರ ಅಂಗಡಿ ಹುಡುಗ ಖಾರಾ ಬೂಂದಿ ಪೊಟ್ಟಣ, ವಿಸಿಟಿಂಗ್ ಕಾರ್ಡು ಹಿಡಿದು ಗೇಟಿನ ಬಳಿ ನಿಂತಿರುತ್ತಾನೆ. "ಯಜಮಾನ್ರು ಕೊಟ್ಟು ಬಾ ಅಂದ್ರು. ದುಡ್ಡು ಬೇಡ್ವಂತೆ." ಆ ಬಿಟ್ಟಿ ಬೂಂದಿ ತಿಂದವರು ಆಮೇಲೆ ಎಷ್ಟು ದುಡ್ಡು ತೆತ್ತರು ಎನ್ನುವುದಕ್ಕೆ ನಮ್ಮ ಮನೆಯ ತಿಂಗಳ ಲೆಕ್ಕವೇ ಸಾಕ್ಷಿ.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ತಿಪಟೂರಿನಲ್ಲಿ ಪಾತ್ರೆ ಅಂಗಡಿ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರಬಹುದು, ಅಷ್ಟೇ. ಅಂಗಡಿ ಹತ್ತಡಿ, ಬೋರ್ಡು ಇಪ್ಪತ್ತಡಿ. ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಕೂಡಲೇ ತಕ್ಕಡಿ ಒರೆಸುವುದಿಲ್ಲ, ಸ್ಟೇಟಸ್ ಹಾಕುತ್ತಾರೆ. ಯುಗಾದಿ, ರಂಜಾನ್, ಕ್ರಿಸ್‌ಮಸ್‌ಗೆ ಶುಭಾಶಯ ಸರಿ. ನಮ್ಮ ಯಜಮಾನರು ಸೆಪ್ಟೆಂಬರ್ 16ರ ಓಜೋನ್ ದಿನವನ್ನೂ ಬಿಡುವುದಿಲ್ಲ. ಓಜೋನ್ ಪದರ ತೆಳ್ಳಗಾದರೂ ನಮ್ಮ ನಿಪ್ಪಟ್ಟು ಮೊದಲಿನಷ್ಟೇ ದಪ್ಪ ಎಂದು ಭೂಮಿಯ ಚಿತ್ರದ ಪಕ್ಕದಲ್ಲಿ ಬರೆಸಿದ್ದರು.

ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನಷ್ಟೇ ಸೇರಿಸಬಹುದು. ಅವರಲ್ಲೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಈ ಗುಟ್ಟು ತಿಳಿದಂದಿನಿಂದ ಅವರು ಚಿಲ್ಲರೆ ಕೊಡುವ ಮೊದಲು ಗಿರಾಕಿಯ ಫೋನು ಈಸಿಕೊಂಡು, ತಮ್ಮ ನಂಬರನ್ನು ತಾವೇ 'ನಮ್ಮ ಯಜಮಾನರು' ಎಂದು ಸೇವ್ ಮಾಡಿಕೊಡುತ್ತಾರೆ. ಹೀಗಾಗಿ ನನ್ನ ಹೆಂಡತಿಯ ಫೋನಿನಲ್ಲಿ 'ನಮ್ಮ ಯಜಮಾನರು' ಇಬ್ಬರಿದ್ದಾರೆ. ಅವಳು ಬೇಗ ಎತ್ತುವುದು ಅಂಗಡಿಯವರ ಫೋನನ್ನು.

ನಾನು ಬರೆಯುವವನು ಎಂಬ ಸುದ್ದಿ ಅವರ ಕಿವಿಗೆ ಬಿದ್ದದ್ದೇ ನನ್ನ ಗ್ರಹಚಾರ. ಅಂದಿನಿಂದ ನಾನು ಸಂಬಳವಿಲ್ಲದ ಪ್ರಚಾರಾಧಿಕಾರಿ. "ಸಾರ್, ಕೋಡುಬಳೆ ಮೇಲೆ ನಾಲ್ಕು ಸಾಲು. ಪ್ರಾಸ ಇರ್ಲಿ." ಪಾರಾಗುವ ಉಪಾಯವೆಂದು ಒಮ್ಮೆ ಮೈಸೂರು ಸ್ಯಾಂಡಲ್ ಸೋಪಿನ ಕತೆ ಹೇಳಿದೆ. ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಆ ಸೋಪಿನ ಚಿತ್ರ ಬರುತ್ತಿತ್ತು, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು. ಅದು ಮಹಾರಾಜರ ಕಾಲದ ಸರ್ಕಾರಿ ಕಾರ್ಖಾನೆ, ನಮ್ಮ ನಿಮ್ಮ ಕೈಲಾಗುವ ಮಾತಲ್ಲ ಎಂದೆ. ಅವರ ತಲೆಯಲ್ಲಿ ಒಂಟೆಯೊಂದೇ ಉಳಿಯಿತು. ಒಂಟೆ ಸಿಗದೆ, ಟಾಂಗಾ ಒಂದಕ್ಕೆ ಮೈಕು ಕಟ್ಟಿ, ಚಕ್ಕುಲಿಯ ತೋರಣ ಬಿಗಿದು ಬೀದಿ ಬೀದಿ ತಿರುಗಿಸಿದರು. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿದ್ದ ಆಟೊದವರು ಮುಕ್ಕಾಲು ತೋರಣ ಮುರಿದು ತಿಂದರಂತೆ. "ಸ್ಯಾಂಪಲ್ ಹಂಚಿದ ಹಾಗಾಯ್ತು ಬಿಡಿ ಸಾರ್" ಎಂದರು.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಆ ಫ್ಲೆಕ್ಸು.

ಅಂಗಡಿಯ ಬೆಳ್ಳಿಹಬ್ಬಕ್ಕೆ ಸರ್ಕಲ್ಲಿನಲ್ಲಿ ಕಟ್ಟಿಸಿದ್ದರು. ಮೇಲೆ ಚಾಮುಂಡೇಶ್ವರಿ, ನಡುವೆ ಕೈಮುಗಿದು ನಗುತ್ತಿರುವ ಯಜಮಾನರು, ಕೆಳಗೆ 'ಶುಭ ಕೋರುವವರು' ಎಂದು ದುಂಡಗಿನ ಮುಖಗಳ ಸಾಲು: ಕಡಲೆಹಿಟ್ಟಿನ ಸಗಟು ವ್ಯಾಪಾರಿ, ಸಿಲಿಂಡರ್ ತರುವ ಹುಡುಗ, ಆಟೊ ಸ್ಟ್ಯಾಂಡಿನ ಅಧ್ಯಕ್ಷರು, ಅವರ ಪಕ್ಕದಲ್ಲಿ ನಾನು. 'ಖ್ಯಾತ ಸಾಹಿತಿಗಳು ಹಾಗೂ ನಮ್ಮ ಕೋಡುಬಳೆಯ ಅಭಿಮಾನಿಗಳು.' ಫೋಟೊ ನನ್ನ ಡಿಪಿಯಿಂದ ಎತ್ತಿದ್ದು. ಅದು ಸೋದರಮಾವನ ವೈಕುಂಠ ಸಮಾರಾಧನೆಯ ದಿನ ತೆಗೆದದ್ದಾದ್ದರಿಂದ ಮುಖ ಆ ಸಂದರ್ಭಕ್ಕೆ ತಕ್ಕಂತೆಯೇ ಇತ್ತು.

ಸಾಲದ್ದಕ್ಕೆ, ಅದೇ ಕಂಬಕ್ಕೆ ಒತ್ತಿಕೊಂಡಂತೆ ಅದೇ ಅಳತೆಯ ಇನ್ನೊಂದು ಫ್ಲೆಕ್ಸು: 'ಭಾವಪೂರ್ಣ ಶ್ರದ್ಧಾಂಜಲಿ.' ಓಡುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಯಾವ ತಲೆಬರಹ ಯಾರ ಮುಖಕ್ಕೆ ಸೇರಿದ್ದೆಂದು ಹೇಗೆ ತಿಳಿಯಬೇಕು? ಮಧ್ಯಾಹ್ನ ನಂಜನಗೂಡಿನ ಷಡ್ಡಕರು ನನ್ನ ಹೆಂಡತಿಗೆ ಫೋನು ಮಾಡಿದರು. ನಾನೇ ಎತ್ತಿದೆ.

"ಯಾವಾಗ ಆಯ್ತು?"

"ಏನು?"

"ಅಯ್ಯೋ, ನೀವೇ ಮಾತಾಡ್ತಾ ಇದೀರಲ್ಲ!" ಎಂದರು. ದನಿಯಲ್ಲಿ ಒಂಚೂರು ನಿರಾಸೆ ಇತ್ತೆಂದು ಈಗಲೂ ನನಗೆ ಅನುಮಾನ.

ನೆಟ್ಟಗೆ ಅಂಗಡಿಗೆ ಹೋಗಿ ಕೂಗಾಡಿದೆ. "ಸುಳ್ಳು ಸಾವಿನ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ ಸಾರ್" ಎಂದು ಸಮಾಧಾನ ಹೇಳಿದರು. ನಾನು ಕಾನೂನಿಗೆ ಇಳಿದೆ. ಊರಿನ ಅಂದ ಕೆಡಿಸಬಾರದೆಂದು 1981ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ, 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ರಾಶಿ ರಾಶಿ ಕಿತ್ತರು, ಗೊತ್ತಿಲ್ಲವೇ ಎಂದೆ. "ಗೊತ್ತು ಸಾರ್, ಅದಕ್ಕೇ ನಿಮ್ಮ ಫೋಟೊ ಹಾಕ್ಸಿದ್ದು. ದೊಡ್ಡವರ ಮುಖ ಇದ್ರೆ ಪಾಲಿಕೆಯೋರು ಮುಟ್ಟಲ್ಲ." ದೊಡ್ಡವರು ಎಂಬ ಮಾತಿಗೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಕೈಗಿತ್ತ ಬಿಸಿ ಕೋಡುಬಳೆಗೆ.

ಪಾಲಿಕೆಯವರು ಮರುದಿನವೇ ಕಿತ್ತರು. ದೊಡ್ಡವನೆಂದು ಇನ್ನೊಂದು ದಿನವಾದರೂ ಬಿಡಬಹುದಿತ್ತು ಅನಿಸಿತು. ಆ ಫ್ಲೆಕ್ಸು ಯಾವ ದಾರಿಯಲ್ಲಿ ಬಂತೋ, ಈಗ ಮೂಲೆಯ ಟೀ ಗಾಡಿಗೆ ಸೂರಾಗಿದೆ. ಮಳೆ ಬಂದಾಗ ನೀರು ಸರಿಯಾಗಿ ನನ್ನ ಮುಖದ ಜಾಗದಲ್ಲೇ ನಿಲ್ಲುತ್ತದೆ. ಟೀಯವನು ಕೆಳಗಿನಿಂದ ಕೋಲಿನಲ್ಲಿ ತಿವಿದು ಚೆಲ್ಲುತ್ತಾನೆ.

ಇಷ್ಟು ಬೈದ ಮೇಲೂ ಒಂದು ಮಾತು ಹೇಳಲೇಬೇಕು. ಕಳೆದ ಗೋಕುಲಾಷ್ಟಮಿಯ ಹಿಂದಿನ ದಿನ ಅಂಗಡಿಯ ಮುಂದೆ ಜನವೋ ಜನ. ಬಾಗಿಲಿಗೆ ಮಕ್ಕಳ ಸ್ಲೇಟೊಂದು ನೇತಾಡುತ್ತಿತ್ತು. 'ಇಂದಿನ ಚಕ್ಕುಲಿ ಸರಿ ಬಂದಿಲ್ಲ. ಮಾರುವುದಿಲ್ಲ. ಕ್ಷಮಿಸಿ.' ಉದ್ದಿನ ಹಿಟ್ಟಿನ ಹದ ತಪ್ಪಿ ಎಣ್ಣೆ ಕುಡಿದಿತ್ತಂತೆ. ವರ್ಷದಲ್ಲೇ ಹೆಚ್ಚು ಚಕ್ಕುಲಿ ಹೋಗುವ ದಿನ ಅದು. ಆ ಗಲಾಟೆಯಲ್ಲಿ ಯಾರು ಮುರಿದು ನೋಡುತ್ತಿದ್ದರು, ಯಾಕೆ ಬಿಟ್ಟಿರಿ ಎಂದು ಕೇಳಿದೆ. "ದೇವರ ಮುಂದೆ ಇಡೋ ಪದಾರ್ಥ ಅಲ್ವಾ ಸಾರ್" ಎಂದು ಅವಲಕ್ಕಿ ಕಟ್ಟುತ್ತಲೇ ಅಂದರು. ನನ್ನತ್ತ ನೋಡಲೂ ಇಲ್ಲ. ಯಾವುದನ್ನೂ ಮಾರದೆ ಅವರು ಆಡಿದ ಮೊದಲ ಮಾತು ಅದೇ ಇರಬೇಕು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಇಳಿಸಿದಾಗ, ಬೆಂಗಳೂರಿನ ಎಂಟಿಆರ್‌ನವರು ಗುಣ ಕೆಡಿಸದೆ ಆ ಬೆಲೆಗೇ ಬಡಿಸಿ, ದಿನದ ನಷ್ಟವೆಷ್ಟೆಂದು ಹೊರಗೆ ಬೋರ್ಡು ಹಾಕುತ್ತಿದ್ದರು. ಆ ಕತೆಯನ್ನು ನಾನು ಯಜಮಾನರಿಗೆ ಹೇಳಿರಲಿಲ್ಲ. ಸ್ಲೇಟು ಅವರ ಸ್ವಂತದ್ದು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ಬಾಣಲೆಯ ಮುಂದೆ ನಿಲ್ಲುವವನಲ್ಲ. ಹತ್ತು ನಿಮಿಷದಲ್ಲಿ ಚಕ್ಕುಲಿಯನ್ನು ಬಾಗಿಲಿಗೇ ತರುವ ಆ್ಯಪುಗಳೂ ಬಂದಿವೆ. ನನ್ನ ಅತ್ತೆಯವರಿಗೆ ಓಮ ಹಾಕಿದ್ದು ಸೇರುವುದಿಲ್ಲ, ಕೋಡುಬಳೆ ಅವರ ಹಲ್ಲಿಗೆ ಮೆತ್ತಗಿರಬೇಕು ಎನ್ನುವುದನ್ನು ಅವುಗಳಿಗೆ ಯಾರು ಹೇಳಬೇಕು? ಆ ಸಂಜೆ ಅಲ್ಲೇ ನಿಂತು ಹೀಗೆಲ್ಲ ಯೋಚಿಸಿದೆ. ಚಕ್ಕುಲಿ ಇಲ್ಲವೆಂದು ಗೊಣಗುತ್ತಿದ್ದ ಜನ ಉಳಿದಿದ್ದನ್ನೆಲ್ಲ ಕೊಂಡು ಗಾಜಿನ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದರು. ಕಾಲೇಜು ಹುಡುಗನೊಬ್ಬ ಸ್ಲೇಟಿನ ಫೋಟೊ ಹೊಡೆದುಕೊಂಡ. ರಾತ್ರಿಯೊಳಗೆ ಅದು ಊರೆಲ್ಲ ಸುತ್ತಿತು. ಯಜಮಾನರ ಮೇಲೆ ನನಗೆ ಗೌರವವೇ ಹುಟ್ಟಿಬಿಟ್ಟಿತ್ತು.

ಹೋದ ವಾರ ಕರೆದರು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸುರುಳಿಯೊಂದನ್ನು ತೆಗೆದು ಬಿಚ್ಚಿದರು. ಆರಡಿ ಫ್ಲೆಕ್ಸು. ಮೇಲೆ ಚಾಮುಂಡೇಶ್ವರಿ, ನಡುವೆ ಕೈಮುಗಿದು ಅಳುಮೋರೆ ಹಾಕಿದ ಯಜಮಾನರು, ಕೆಂಪಕ್ಷರದಲ್ಲಿ 'ಇಂದಿನ ಚಕ್ಕುಲಿ ಸರಿ ಬಂದಿಲ್ಲ.'

"ಮತ್ತೆ ಹದ ತಪ್ಪಿತೇ?"

"ಇಲ್ಲ ಸಾರ್, ಫಸ್ಟ್ ಕ್ಲಾಸಾಗಿ ಬಂದಿದೆ. ಆದ್ರೂ ತಿಂಗಳಿಗೊಂದ್ಸಲ ಕಟ್ಟಿದ್ರೆ ಹೆಸರು ಉಳಿಯುತ್ತೆ."

ಕೆಳಗೆ 'ವಿಷಾದಿಸುವವರು' ಎಂದಿತ್ತು. ಅದರಡಿ ಒಂದು ದುಂಡಗಿನ ಜಾಗ ಖಾಲಿ.

"ಅಲ್ಲಿಗೆ ನಿಮ್ಮದು" ಎಂದರು. "ಹೊಸದು ಬೇಡ ಸಾರ್, ಆ ಹಳೇ ಫೋಟೊನೇ ಇರ್ಲಿ. ಅದ್ರಲ್ಲಿ ಮುಖ ಸರಿಯಾಗಿ ಬಿದ್ದಿದೆ."