ಹಳೇ ಗೇಮಿಂಗ್ ಪಿಸಿಯ ಜೀರ್ಣೋದ್ಧಾರ: ಬಳಕೆದಾರರ ಕೈಪಿಡಿ

ವ್ಯಾಪ್ತಿ

ಈ ಕೈಪಿಡಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಮನಸ್ಸಾದಾಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ತರಬಲ್ಲವರು, ಕೈಯಲ್ಲಿ ಐವತ್ತು ಸಾವಿರ ಇಟ್ಟುಕೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು. ಇಲ್ಲಿ ಪಿಸಿ ಎಂದರೆ, ಎಲ್ಲೋ ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತಿಯಾಗಿ, ಹೊಸಪೇಟೆಯದೋ ದಾವಣಗೆರೆಯದೋ ಸೆಕೆಂಡ್ ಹ್ಯಾಂಡ್ ಅಂಗಡಿ ಹಾದು, ‘ಹುಡುಗ ಕಂಪ್ಯೂಟರ್ ಕಲೀತಾನ’ ಎಂಬ ನೆಪದಲ್ಲಿ ಮನೆ ಸೇರಿದ ಯಂತ್ರ. ಒಳಗೆ 2012ರ ಇಂಟೆಲ್ ಐ5-3470, ನಾಲ್ಕು ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೇಲೆ ಅವ್ವ ಹೆಣೆದ ಉಲ್ಲನ್ ಹೊದಿಕೆ. ಆಡುವಾಗ ಹೊದಿಕೆ ತೆಗೆಯಿರಿ. ಗಾಳಿಯ ಕಿಂಡಿ ಮುಚ್ಚುತ್ತದೆ.

ಹಂತ 1: ಬಜೆಟ್ ಮಂಡನೆ

ಗ್ರಾಫಿಕ್ಸ್ ಕಾರ್ಡಿನ ಬೆಲೆ ನೋಡುವ ಮೊದಲು ಪಂಚಾಂಗ ನೋಡಿ. ಜೂನ್‌ನಲ್ಲಿ ಬೀಜ, ಗೊಬ್ಬರದ ಲೆಕ್ಕ ನಡೆಯುತ್ತಿರುತ್ತದೆ. ಆಗ ಬಾಯಿ ಬಿಡುವುದು ಅಪಾಯ. ಮೆಕ್ಕೆಜೋಳ ಒಣಗಿ, ಮಾರಾಟವಾಗಿ, ಸೊಸೈಟಿ ಸಾಲಕ್ಕೆ ಕಟ್ಟುವುದನ್ನು ಕಟ್ಟಿದ ಮೇಲೆ ಒಂದು ವಾರ ಅಪ್ಪನ ಮುಖ ಮೆತ್ತಗಿರುತ್ತದೆ. ಬೇಡಿಕೆಯನ್ನು ಆ ವಾರದಲ್ಲೇ ಸಲ್ಲಿಸಬೇಕು.

‘ಆನ್ ಆಕ್ಕತಲ್ಲೋ, ಇನ್ನೇನು ಬೇಕು ಅದಕ್ಕ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಫ್ರೇಮ್ ರೇಟ್ ಎಂಬ ಪದ ಎತ್ತಬೇಡಿ. ‘ಪಾಣಿ ತೆಗೆಯಾಕ ಹೋದ್ರ ಹತ್ತು ನಿಮಿಷ ಸುತ್ತತತಿ ಅಪ್ಪಾ’ ಎನ್ನಿ. ಸುಳ್ಳಲ್ಲ; ಹಾರ್ಡ್ ಡಿಸ್ಕ್ ಹಾಗೇ ಸುತ್ತುತ್ತದೆ. ಮಂಜೂರಾಗುವ ಮೊತ್ತ ಕೇಳಿದ್ದರ ಅರ್ಧ ಎಂದಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆಯಲಾಗಿದೆ.

ಹಂತ 2: ಕರೆಂಟು

ಯೂಟ್ಯೂಬ್‌ನ ಯಾವ ತಜ್ಞನೂ ಹೇಳದ ಹಂತ ಇದು. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಹೊಲಗಳ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಎದ್ದು, ವೋಲ್ಟೇಜ್ ಕುಸಿದು, ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವ ಊರಿನಲ್ಲಿ ಕಂಪ್ಯೂಟರಿನ ಆಯುಷ್ಯ ತೀರ್ಮಾನ ಮಾಡುವುದು ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದರ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ. ಬರೆಯಲಿಕ್ಕೆ ಖರ್ಚಿಲ್ಲ. ಕೈಯಲ್ಲಿ ಹಿಡಿದು ತೂಗಿ ನೋಡಿ: ಹಗುರವಿದ್ದರೆ ಒಳಗೆ ತಾಮ್ರವೂ ಕಡಿಮೆ, ಕೆಪಾಸಿಟರ್ ಕೂಡ ಕಡಿಮೆ. 80 ಪ್ಲಸ್ ಗುರುತಿನದನ್ನು ಕೊಂಡು, ಜೊತೆಗೊಂದು ಯುಪಿಎಸ್ ಇಟ್ಟುಕೊಳ್ಳಿ. ಮಂಜೂರಾದ ಹಣದ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ, ಪರದೆಯ ಮೇಲೆ ಒಂದು ಪಿಕ್ಸೆಲ್ ಕೂಡ ಚೆಂದವಾಗುವುದಿಲ್ಲ. ಗೆಳೆಯರು ನಗುತ್ತಾರೆ, ನಗಲಿ.

ಹಂತ 3: ಧೂಳು

ಪಕ್ಕದ ತಗಡಿನ ಎರಡು ಸ್ಕ್ರೂ ಬಿಚ್ಚಿ. ಒಳಗೆ ಸಿಗುವುದು: ಎರಡು ಹಲ್ಲಿ ಮೊಟ್ಟೆ, ನಾಲ್ಕಾರು ಮಂಡಕ್ಕಿ ಕಾಳು, ಸಿಪಿಯು ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳ ಸಂದಿ ಕಾಣದಂತೆ ಹತ್ತಿದ ಧೂಳು. ಚಿಮಟದಲ್ಲಿ ಹಿಡಿದೆಳೆದರೆ ಅದು ಚೂರಾಗದೆ ಒಂದೇ ಹಾಳೆಯಾಗಿ ಎದ್ದು ಬರುತ್ತದೆ. ಏಪ್ರಿಲ್‌ನಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದಾಗ, ಈ ಹಾಳೆ ಹೊದ್ದ ಚಿಪ್ಪು ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಟ ಸಿಕ್ಕಿಕೊಂಡು ಸಿಕ್ಕಿಕೊಂಡು ಓಡುವುದಕ್ಕೆ ಇದೂ ಒಂದು ಕಾರಣ.

ಬ್ಲೋಯರ್ ಇಲ್ಲದಿದ್ದರೆ ಪಂಚರ್ ಅಂಗಡಿಗೆ ಒಯ್ಯಿರಿ. ಅಲ್ಲಿನ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಮೊದಲು ಅಂಗೈಗೆ ಗಾಳಿ ಬಿಟ್ಟು ಹನಿ ಬರುತ್ತದೆಯೇ ನೋಡಬೇಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಸುಮ್ಮನೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳು. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಒಂದು ತೊಗರಿ ಕಾಳಿನಷ್ಟು ಹಾಕಿ. ಹಲ್ಲುಜ್ಜುವ ಪೇಸ್ಟ್ ಹಾಕಬಹುದು ಎಂದು ಹೇಳುವ ಒಬ್ಬ ಅಣ್ಣ ಪ್ರತಿ ಊರಲ್ಲೂ ಇದ್ದಾನೆ. ಅವನ ಕಂಪ್ಯೂಟರ್ ಈಗ ಎಲ್ಲಿದೆ ಎಂದು ಕೇಳಿ.

ಹಂತ 4: ರೋಗನಿರ್ಣಯ

ಜೋಡಿಸಿ ಆನ್ ಮಾಡಿದಾಗ ಪರದೆ ಕಪ್ಪಗಿದ್ದು ಬೀಪ್ ಸದ್ದು ಬಂದರೆ ಗಾಬರಿ ಬೇಡ. ರ‍್ಯಾಮ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ಅಂಗಡಿಗೆ ಒಯ್ದರೂ ಮೊದಲು ಮಾಡುವುದು ಇದನ್ನೇ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವನು ಮೈಲಾರದ ಕಾರ್ಣಿಕದ ಹಾಗೆ ಒಂದೇ ವಾಕ್ಯ ನುಡಿಯುತ್ತಾನೆ: ‘ಬೋರ್ಡ್ ಹೋಗೇತ್ರಿ.’ ಅರ್ಥ ಹಚ್ಚುವುದು ನಿಮಗೆ ಬಿಟ್ಟದ್ದು. ಇನ್ನೊಂದು ಅಂಗಡಿಯಲ್ಲಿ ಕೇಳದೆ ನಂಬಬೇಡಿ.

ಹಂತ 5: ಎಸ್‌ಎಸ್‌ಡಿ ಮತ್ತು ರ‍್ಯಾಮ್

ಮೊದಲು ಎಸ್‌ಎಸ್‌ಡಿ, ಆಮೇಲೆ ಉಳಿದದ್ದು. ನಿಮ್ಮದು ಎಚ್61 ಮದರ್‌ಬೋರ್ಡ್ ಆಗಿದ್ದರೆ ಅದರಲ್ಲಿ ಇರುವುದು ಹಳೇ ಸಾಟಾ-2, ಹಾಗಾಗಿ ಡಬ್ಬಿಯ ಮೇಲೆ ಬರೆದ ವೇಗದ ಅರ್ಧವಷ್ಟೇ ಸಿಗುತ್ತದೆ. ಆದರೂ ಹಾರ್ಡ್ ಡಿಸ್ಕ್ ಎದುರು ಅದು ಬೇರೆಯೇ ಯಂತ್ರ. ಡಿಡಿಆರ್3 ರ‍್ಯಾಮ್ ನಾಲ್ಕರ ಎರಡು ಪಟ್ಟಿ ಹಾಕಿ ಎಂಟು ಮಾಡಿ, ಸಾಕು. ಬೋರ್ಡನ್ನೇ ಬದಲಿಸಿ ಡಿಡಿಆರ್5ಕ್ಕೆ ಹಾರುವ ಆಸೆ ಇದ್ದರೆ ಸದ್ಯ ಕಟ್ಟಿಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದರಿಂದ ಬೆಲೆ ಏರಿದೆ. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು.

ಹಂತ 6: ಗ್ರಾಫಿಕ್ಸ್ ಕಾರ್ಡ್

‘ಎರಡು ಜಿಬಿ ಕಾರ್ಡ್ ಐತಿ, ತಗೋ’ ಎಂಬ ಮಾತಿಗೆ ಮರುಳಾಗಬೇಡಿ. ಜಿಟಿ 710 ಕೂಡ ಎರಡು ಜಿಬಿ, ಜಿಟಿಎಕ್ಸ್ 750 ಟಿಐ ಕೂಡ ಎರಡು ಜಿಬಿ. ಮೊದಲನೆಯದರಲ್ಲಿ ದುಡಿಯುವ ಕೋರ್‌ಗಳು 192, ಎರಡನೆಯದರಲ್ಲಿ 640. 2014ರಲ್ಲಿ ಬಂದ ಈ 750 ಟಿಐ ಬಡವರ ಪಾಲಿಗೆ ಒಳ್ಳೆಯ ಕಾರ್ಡು: 60 ವ್ಯಾಟ್ ಸಾಕು, ಬಹುತೇಕ ಮಾದರಿಗಳಿಗೆ ಬೇರೆ ಪವರ್ ಕೇಬಲ್ ಬೇಡ. ಸ್ವಲ್ಪ ಹೆಚ್ಚು ದುಡ್ಡಿದ್ದರೆ 2016ರ 1050 ಟಿಐ. ನಿಮ್ಮದು ಆಪ್ಟಿಪ್ಲೆಕ್ಸ್‌ನಂಥ ಚಪ್ಪಟೆ ಕ್ಯಾಬಿನೆಟ್ ಆಗಿದ್ದರೆ ಗಿಡ್ಡ ಕಾರ್ಡೇ ಬೇಕು, ಅಳತೆ ಹಿಡಿಯದೆ ಹಣ ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡು ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದದ್ದೋ ಎಂದು ವಿಚಾರಿಸಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಆ ಪದ್ಧತಿ ಬಿಟ್ಟ ಮೇಲೆ ಹಗಲೂ ರಾತ್ರಿ ಕಾದು ಸುಸ್ತಾದ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ. (ಪಕ್ಕದಲ್ಲಿ ಕುಳಿತ ದೊಡ್ಡಪ್ಪ ‘ಮೈನಿಂಗಾ? ಸಂಡೂರಾಗೇನು?’ ಎಂದು ಕೇಳಿದರೆ ಹೌದೆನ್ನಿ, ವಿವರಣೆ ಉದ್ದವಾಗುತ್ತದೆ.) ಹಳೇ ಕಾರ್ಡಿಗೆ 1050 ಟಿಐ ಎಂದು ಸುಳ್ಳು ಹೆಸರಿಟ್ಟು ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ.

ಬಣ್ಣದ ದೀಪದ ಫ್ಯಾನು, ಗಾಜಿನ ಕ್ಯಾಬಿನೆಟ್ ಬೇಡ. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎನ್ನುತ್ತಾರಲ್ಲ, ಈ ಬಜೆಟ್ಟಿನಲ್ಲಿ ಕಟ್ಟಲು ಸಾಧ್ಯವಿರುವುದು ಉಜ್ಜಿನಿ ಮಾತ್ರ.

ಹರಪನಹಳ್ಳಿಯವರಿಗೆ ವಿಶೇಷ ಸೂಚನೆ

ಬಿಡಿಭಾಗ ಆನ್‌ಲೈನ್‌ನಲ್ಲಿ ತರಿಸುವಾಗ ಜಿಲ್ಲೆಯ ಹೆಸರಿನ ಬಗ್ಗೆ ಎಚ್ಚರ. ನಿಮ್ಮ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಪಟ್ಟಿಯಲ್ಲಿ ಯಾವುದು ತೋರಿಸಿದರೂ ಒತ್ತಿ, ಪಿನ್‌ಕೋಡ್ ಮತ್ತು ಮೊಬೈಲ್ ನಂಬರ್ ಮಾತ್ರ ತಪ್ಪಿಲ್ಲದೆ ಬರೆಯಿರಿ. ಡೆಲಿವರಿ ಹುಡುಗ ಹೇಗೂ ‘ಬಸ್‌ಸ್ಟ್ಯಾಂಡಿಗೆ ಬರ್ರಿ ಅಣ್ಣಾ’ ಎನ್ನುತ್ತಾನೆ.

ಹಂತ 7: ವಿಂಡೋಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಮತ್ತು ಇಂಟೆಲ್‌ನ ಎಂಟನೇ ತಲೆಮಾರಿನ ಚಿಪ್ಪು, ನಿಮ್ಮದು ಮೂರನೆಯದು. ವಿಂಡೋಸ್ 7ಕ್ಕೆ ಹಿಂದೆ ಹೋಗೋಣವೆಂದರೆ 2024ರ ಜನವರಿ 1ರಿಂದ ಸ್ಟೀಮ್ ಅದಕ್ಕೆ ಬೆಂಬಲ ನಿಲ್ಲಿಸಿದೆ. ಉಳಿದದ್ದು ಲಿನಕ್ಸ್. ಸ್ಟೀಮ್‌ನ ಪ್ರೋಟಾನ್ ಮೂಲಕ ಬಹಳಷ್ಟು ಆಟ ಓಡುತ್ತವೆ, ವ್ಯಾಲರಂಟ್ ಓಡುವುದಿಲ್ಲ.

ಹಂತ 8: ಆಟದ ಆಯ್ಕೆ

ಜಿಟಿಎ 5 ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಆಗ ಅದರ ತಯಾರಕರು ಶಿಫಾರಸು ಮಾಡಿದ್ದ ಪ್ರೊಸೆಸರ್ ಯಾವುದು ಗೊತ್ತೇ? ಐ5-3470, ನಿಮ್ಮ ಮನೆಯಲ್ಲಿ ಉಲ್ಲನ್ ಹೊದಿಕೆಯ ಕೆಳಗಿರುವುದೇ. ಯಂತ್ರಕ್ಕೆ ವಯಸ್ಸಾಯಿತು ಎಂದು ಅಳುವವರು ಅದರ ವಯಸ್ಸಿನ ಆಟಗಳನ್ನು ಕೊಟ್ಟು ನೋಡಲಿ. ನಾನು ಕಂಡಂತೆ ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇಲ್ಲ. ಜಿಟಿಎ 6 ಬರುತ್ತದೆಂದು ಈಗಲೇ ಸಾಲ ಮಾಡಬೇಡಿ, ಘೋಷಣೆಯಾಗಿರುವುದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಮಾತ್ರ.

ಜಿಟಿಎ 5 ಬಿಡುಗಡೆಯಾದಾಗಲೇ 65 ಜಿಬಿ ಜಾಗ ಕೇಳುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅಷ್ಟನ್ನು ಇಳಿಸಲು 44 ದಿನ, ಅದೂ ಮನೆಯಲ್ಲಿ ಯಾರೂ ರೀಲ್ಸ್ ನೋಡದಿದ್ದರೆ. ವೈಫೈ ಹಾಕಿಸಿಕೊಂಡ ಗೆಳೆಯನ ಮನೆಗೆ ಹಳೇ ಹಾರ್ಡ್ ಡಿಸ್ಕ್ ಒಯ್ಯಿರಿ. ಬರಿಗೈಲಿ ಹೋಗದೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿ.

ಅಡ್ಡಪರಿಣಾಮಗಳು

ಪಿಸಿ ಜೋರಾಯಿತು ಎಂಬ ಸುದ್ದಿ ಓಣಿಗೆ ಬೇಗ ತಿಳಿಯುತ್ತದೆ. ಫ್ರೂಟ್ಸ್ ಐಡಿ, ಪಹಣಿ, ಸೇವಾ ಸಿಂಧು ಅರ್ಜಿ, ಪಿಯುಸಿ ಫಲಿತಾಂಶ ಎಂದು ಜನ ಬರುತ್ತಾರೆ. ಆಟದ ನಡುವೆ ಬಂದವರಿಗೆ ‘ಸರ್ವರ್ ಡೌನ್ ಐತ್ರಿ ಕಾಕಾ, ರಾತ್ರಿ ಬರ್ರಿ’ ಎನ್ನಬಹುದು. ಈ ಉತ್ತರವನ್ನು ಯಾರೂ ಅನುಮಾನಿಸುವುದಿಲ್ಲ.

ವಾರಂಟಿ

ಸಿಡಿಲು, ಇಲಿ, ತ್ರೀ ಫೇಸ್ ಮತ್ತು ಚಿಕ್ಕಪ್ಪನ ಮಕ್ಕಳಿಂದಾದ ಹಾನಿಗೆ ಅನ್ವಯಿಸುವುದಿಲ್ಲ.