ಒಂಬತ್ತನೇ ನಂಬರಿನ ಅಂಗಿಯೊಡನೆ ಅರ್ಧ ಗಂಟೆ

2023ರ ಮೇ ತಿಂಗಳ ಕೊನೆ. ಪ್ರೀಮಿಯರ್ ಲೀಗ್ ಮುಗಿದಿದೆ, ಚೆಲ್ಸಿ ಹನ್ನೆರಡನೇ ಸ್ಥಾನದಲ್ಲಿದೆ. ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದ ಡ್ರೆಸಿಂಗ್ ರೂಮಿನಲ್ಲಿ ಕ್ಲಬ್ಬಿನ 9ನೇ ನಂಬರಿನ ಅಂಗಿ ಮಾತಿಗೆ ಸಿಕ್ಕಿತು. ಬೇರೆ ಅಂಗಿಗಳಿಗೆ ಒಗೆತದ ಕೆಲಸವಿತ್ತು. ಇದಕ್ಕೆ ಅಷ್ಟೇನೂ ಕೊಳೆಯಾಗಿರಲಿಲ್ಲ.

ಪ್ರಶ್ನೆ: ನಿಮ್ಮನ್ನು ತೊಟ್ಟವರು ಗೋಲು ಹೊಡೆಯುವುದಿಲ್ಲ, ನಿಮಗೆ ಶಾಪ ತಟ್ಟಿದೆಯಂತೆ?

ಅಂಗಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಚೆನ್ನಾಗಿದೆ, ಅದಕ್ಕೇ ಬಟ್ಟೆಯನ್ನು ಬೈತಾರೆ. 1970ರ ಎಫ್‌ಎ ಕಪ್ಪಿನಲ್ಲಿ ಪೀಟರ್ ಆಸ್ಗುಡ್ ಪ್ರತಿ ಸುತ್ತಲ್ಲೂ ಗೋಲು ಹೊಡೆದನಲ್ಲ, ಆಗೇಕೆ ಯಾರೂ ನನಗೆ ಊದುಬತ್ತಿ ಬೆಳಗಲಿಲ್ಲ? 2000–01ರಲ್ಲಿ ಹ್ಯಾಸಲ್‌ಬೈಂಕ್ ಲೀಗಿನಲ್ಲಿ 23 ಗೋಲು ಹೊಡೆದದ್ದು ನನ್ನನ್ನು ತೊಟ್ಟೇ.

ಪ್ರಶ್ನೆ: ಆದರೆ ಟೊರೆಸ್...

ಅಂಗಿ: ಬಂತಪ್ಪಾ! ಎಲ್ಲರೂ ಅಲ್ಲಿಗೇ ಬರೋದು. 2011ರ ಜನವರಿ 31, ಖರೀದಿಯ ಗಡುವಿನ ಕೊನೆಯ ದಿನ. ಅವನನ್ನು ಕೊಳ್ಳೋಕೆ ಐದು ಕೋಟಿ ಪೌಂಡ್, ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾರೂ ತೆರದಿದ್ದ ದುಡ್ಡು. ಲಿವರ್‌ಪೂಲಿನಲ್ಲೂ ಆತ ತೊಡುತ್ತಿದ್ದದ್ದು ಒಂಬತ್ತೇ. ಅಲ್ಲಿ ಹಿಂದೆ ಜೆರಾರ್ಡ್ ಇದ್ದ, ಮುಂದೆ ಓಡೋಕೆ ಜಾಗ ಇತ್ತು. ಇಲ್ಲಿ ಡ್ರೋಗ್ಬಾನ ಅಳತೆಗೆ ಹೊಲಿದ ತಂಡ. ಹಿಂದಿನ ವರ್ಷ ಟೊರೆಸ್‌ನ ಮೊಣಕಾಲಿಗೆ ಆಪರೇಷನ್ ಬೇರೆ ಆಗಿತ್ತು. ಮೊದಲ ಗೋಲಿಗೆ 903 ನಿಮಿಷ ಕಾದೆ. ಅದೂ ಏಪ್ರಿಲ್ ಮಳೆಯಲ್ಲಿ, ವೆಸ್ಟ್ ಹ್ಯಾಮ್ ಎದುರು, ಚೆಂಡು ನೀರಿನ ಗುಂಡಿಯಲ್ಲಿ ನಿಂತು ಕಾಲಿಗೆ ಒದಗಿದಾಗ. ಮೇ ತಿಂಗಳಲ್ಲಿ ಕೆಲಸ ಹೋದದ್ದು ಟೊರೆಸ್‌ನದಲ್ಲ, ಮ್ಯಾನೇಜರ್ ಆಂಚೆಲೊಟ್ಟಿಯದು. ಹಿಂದಿನ ವರ್ಷವಷ್ಟೇ ಲೀಗನ್ನೂ ಕಪ್ಪನ್ನೂ ಗೆದ್ದುಕೊಟ್ಟಿದ್ದ ಮಹಾರಾಯ.

ಪ್ರಶ್ನೆ: ಓಲ್ಡ್ ಟ್ರಾಫರ್ಡ್‌ನಲ್ಲಿ ಟೊರೆಸ್ ಗೋಲ್‌ಕೀಪರನ್ನೇ ದಾಟಿ, ಖಾಲಿ ಗೋಲಿನ ಪಕ್ಕಕ್ಕೆ ಒದ್ದನಲ್ಲ?

ಅಂಗಿ: ಒದ್ದದ್ದು ಕಾಲು. ನಾನು ಸೊಂಟದಿಂದ ಮೇಲೆ. ಅದೇ ಪಂದ್ಯದಲ್ಲಿ ಅವನು ಗೋಲು ಹೊಡೆದಿದ್ದ ಅನ್ನೋದು ಯಾರಿಗಾದರೂ ನೆನಪಿದೆಯೇ? 2012ರ ಚಾಂಪಿಯನ್ಸ್ ಲೀಗಿನ ಮ್ಯೂನಿಕ್ ಫೈನಲ್ಲಿನಲ್ಲಿ 88ನೇ ನಿಮಿಷ ಡ್ರೋಗ್ಬಾ ಕಾರ್ನರಿನಿಂದ ಬಂದ ಚೆಂಡನ್ನು ತಲೆಯಿಂದ ಗುದ್ದಿ ಸಮ ಮಾಡಿದ್ದು ಎಲ್ಲರಿಗೂ ಗೊತ್ತು. ಆ ಕಾರ್ನರ್ ಗಿಟ್ಟಿಸಿದ್ದು ಟೊರೆಸ್! ಡ್ರೋಗ್ಬಾನ ಬೆನ್ನ ಮೇಲಿದ್ದ 11ಕ್ಕೆ ಹಾರ, ನನಗೆ ದೃಷ್ಟಿ ತೆಗೆಯುವ ಮೆಣಸಿನಕಾಯಿ.

ಪ್ರಶ್ನೆ: ಮಧ್ಯೆ ಒಬ್ಬ ಡಿಫೆಂಡರ್‌ಗೂ ನಿಮ್ಮನ್ನು ಕೊಟ್ಟಿದ್ದರು.

ಅಂಗಿ: 2006ರಲ್ಲಿ ಬೂಲಾರೂಜ್‌ಗೆ. ಗೋಲು ತಡೆಯುವವನ ಬೆನ್ನಿಗೆ ನನ್ನನ್ನು ಹಾಕಿ, ಆಮೇಲೆ ಗೋಲು ಬರಲಿಲ್ಲ ಅಂದರೆ?

ಪ್ರಶ್ನೆ: ಲುಕಾಕು?

ಅಂಗಿ: ಇಟಲಿಯ ಇಂಟರ್‌ನಿಂದ ತಂದದ್ದು, 9.75 ಕೋಟಿ ಪೌಂಡ್ ಕೊಟ್ಟು. ನಾಲ್ಕೇ ತಿಂಗಳಲ್ಲಿ ಇಟಲಿಯ ಟಿವಿಗೆ ಸಂದರ್ಶನ ಕೊಟ್ಟು, ಇಲ್ಲಿ ನನಗೆ ಸುಖ ಇಲ್ಲ ಅಂದ. ನನಗಿಂತ ಮೊದಲು! ಲೀಗಿನಲ್ಲಿ ಎಂಟು ಗೋಲು ಹೊಡೆದು, ಮುಂದಿನ ಬೇಸಿಗೆಗೆ ಅದೇ ಇಂಟರ್‌ಗೆ ಸಾಲದ ಮೇಲೆ ವಾಪಸ್.

ಪ್ರಶ್ನೆ: ನವಗ್ರಹ ಶಾಂತಿ ಮಾಡಿಸಿದರೆ ಹೇಗೆ?

ಅಂಗಿ: ಮ್ಯಾಂಚೆಸ್ಟರ್ ಸಿಟಿಯಲ್ಲೂ ಒಬ್ಬ ಒಂಬತ್ತು ಇದ್ದಾನೆ, ಹಾಲೆಂಡ್ ಅಂತ. ಈ ಸಲ ಲೀಗಿನಲ್ಲಿ ಅವನೊಬ್ಬನೇ 36. ನಮ್ಮ ಇಡೀ ಕ್ಲಬ್ಬು ಸೇರಿ 38. ಗ್ರಹಗಳು ಲಂಡನ್ನಿಗೆ ಮಾತ್ರ ವಕ್ರವೇ? ಜನವರಿಯಲ್ಲಿ ಒಬ್ಬ ಮಿಡ್‌ಫೀಲ್ಡರ್‌ಗೇ ಹತ್ತು ಕೋಟಿ ಪೌಂಡ್ ದಾಟಿಸಿ ಕೊಟ್ಟರು. ಗೋಲು ಹೊಡೆಯುವವನು ಎಲ್ಲಿ ಅಂತ ಕೇಳಿದರೆ ನನ್ನ ಕಡೆ ಕೈ ತೋರಿಸ್ತಾರೆ.

ಪ್ರಶ್ನೆ: ಮುಂದೆ ನಿಮ್ಮನ್ನು ತೊಡುವವನಿಗೆ ಏನು ಹೇಳುತ್ತೀರಿ?

ಅಂಗಿ: ಕಳೆದ ಸೆಪ್ಟೆಂಬರಿನಲ್ಲಿ ಔಬಮೆಯಾಂಗ್ ಬಂದ. ಡೋರ್ಟ್‌ಮುಂಡ್‌ನಲ್ಲಿ ತನ್ನನ್ನು ಆಡಿಸಿದ್ದ ಮ್ಯಾನೇಜರ್ ಟುಷೆಲ್ ಇಲ್ಲೂ ಇದ್ದಾನೆ ಅನ್ನೋ ಧೈರ್ಯ. ಮೊದಲ ಪಂದ್ಯ ಆಡಿದ. ಮಾರನೇ ದಿನ ಟುಷೆಲ್‌ನನ್ನೇ ಕಿತ್ತುಹಾಕಿದರು. ಆದ್ದರಿಂದ, ತಮ್ಮಾ, ಗುಂಡಿ ಹಾಕಿಕೊಳ್ಳೋ ಮೊದಲು ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿ ನೋಡು.

ಪ್ರಶ್ನೆ: ನಿಮಗೆ ಗುಂಡಿಯೇ ಇಲ್ಲವಲ್ಲ?

ಅಂಗಿ: ಅದನ್ನೂ ಮಾರಿರಬೇಕು.